ಹತ್ತು ಬೆರಳಿದ್ದೂ ಎರಡರಲ್ಲೇ ಕುಟ್ಟಾಟ!

(ನಮ್ಮ ವರದಿಗಾರರಿಂದ)

ಶಿರಸಿ: ಡಿಗ್ರಿ ಮುಗಿಸಿ ಕೆಲಸಕ್ಕೆ ಕಾದು ಕೂತ ಹುಡುಗ ಹುಡುಗಿಯರು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಊರಿಗೆ ನಾಲ್ಕು ಜನ ಸಿಗುತ್ತಾರೆ. ಮೊಬೈಲಿನ ಮೇಲೆ ಇವರ ಹೆಬ್ಬೆರಳು ಘಟ್ಟ ಇಳಿಯುವ ಬಸ್ಸಿನ ಹಾಗೆ ಓಡುತ್ತದೆ. ಅದೇ ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂರಿಸಿ, "ಒಂದು ಅರ್ಜಿ ಟೈಪ್ ಮಾಡಿ ಕೊಡು ತಮ್ಮಾ" ಎನ್ನಿ ನೋಡುವಾ. ಎರಡು ತೋರುಬೆರಳು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಅಕ್ಷರ ಆರಿಸುತ್ತವೆ. ಅರ್ಧ ತಾಸಾದರೂ ಅರ್ಧ ಪುಟ ಆಗುವುದಿಲ್ಲ.

ಇದರಲ್ಲಿ ನಗುವಂಥದ್ದೇನೂ ಇಲ್ಲ. ಕೈಗೆ ಬಂದ ಕೆಲಸ ತಪ್ಪುವುದು ಇಲ್ಲೇ.

ವೇಗದ ಲೆಕ್ಕ

ಜಿಲ್ಲಾ ನ್ಯಾಯಾಲಯಗಳ ಬೆರಳಚ್ಚುಗಾರ ಹುದ್ದೆಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೆರಳಚ್ಚು ಪರೀಕ್ಷೆ ಪಾಸಾಗಿರಬೇಕು. ಜೂನಿಯರ್, ಸೀನಿಯರ್ ಎಂದು ದರ್ಜೆ ಮಾಡಿ ಈ ಪರೀಕ್ಷೆ ನಡೆಸುವುದು ರಾಜ್ಯದ ಶಾಲಾ ಪರೀಕ್ಷಾ ಮಂಡಳಿ. ಕೇಂದ್ರ ಸರ್ಕಾರದ ಗುಮಾಸ್ತ ಹುದ್ದೆಗೆ ಸಿಬ್ಬಂದಿ ನೇಮಕಾತಿ ಆಯೋಗ ಕೇಳುವುದು ಇಂಗ್ಲಿಷಿನಲ್ಲಿ ನಿಮಿಷಕ್ಕೆ 35 ಪದ. ಅಲ್ಲಿ ಕನ್ನಡದಲ್ಲಿ ಹೊಡೆಯುತ್ತೇನೆಂದರೆ ನಡೆಯುವುದಿಲ್ಲ. ಇಂಗ್ಲಿಷ್ ಇಲ್ಲವೇ ಹಿಂದಿ ಎರಡೇ ದಾರಿ.

35 ಪದ ಎಂದರೆ ಎಷ್ಟು? ಉದ್ದ ಪದ, ಗಿಡ್ಡ ಪದ ಎಂಬ ತಕರಾರು ಬಾರದ ಹಾಗೆ ಐದು ಏಟಿಗೆ ಒಂದು ಪದ ಎಂದು ಹಿಡಿಯುತ್ತಾರೆ. ನಿಮಿಷಕ್ಕೆ 175 ಏಟು, ತಾಸಿಗೆ 10,500. ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ಮೂರು. ಕೀಲಿ ಎಲ್ಲಿದೆ ಎಂದು ಹುಡುಕುತ್ತ ಕೂತವನಿಗೆ ಈ ಗತಿ ಹತ್ತು ನಿಮಿಷ ಸತತ ಹಿಡಿಯುವುದು ಕಷ್ಟವೇ ಸೈ. ಕಣ್ಣು ಕಾಗದಕ್ಕೆ, ಕಾಗದದಿಂದ ಕೀಲಿಗೆ, ಕೀಲಿಯಿಂದ ಪರದೆಗೆ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ.

ನೋಡದೆ ಹೊಡೆದವ ಗೆದ್ದ

ಈ ವಿದ್ಯೆಯ ಗುಟ್ಟು ಲೋಕಕ್ಕೆ ತಿಳಿದು ನೂರಾಮೂವತ್ತು ವರ್ಷ ದಾಟಿತು. ಅಮೆರಿಕದ ಸಿನ್ಸಿನಾಟಿಯಲ್ಲಿ 1888ರ ಜುಲೈ 25ರಂದು ಒಂದು ಪಂದ್ಯ ನಡೆಯಿತು. ಕೋರ್ಟಿನ ಶೀಘ್ರಲಿಪಿಕಾರ ಫ್ರಾಂಕ್ ಮೆಕ್‌ಗರಿನ್ ಕೀಲಿಗಳ ಜಾಗವನ್ನೆಲ್ಲ ಬಾಯಿಪಾಠದ ಹಾಗೆ ಬೆರಳುಪಾಠ ಮಾಡಿಕೊಂಡಿದ್ದ. ಎದುರಾಳಿ ಲೂಯಿ ಟ್ರೌಬ್ ಕೀಲಿ ನೋಡಿ ಹೊಡೆಯುವವ. ಗೆದ್ದವ ಮೆಕ್‌ಗರಿನ್.

ಅಷ್ಟು ದೂರ ಎಂತಕ್ಕೆ? ನಮ್ಮ ಕಡೆ ಅಡಿಕೆ ಸುಲಿಯುವ ಮನೆಯಲ್ಲಿ ರಾತ್ರಿ ಹೊತ್ತು ಹೋಗಿ ನೋಡಿ. ಮಾತು ಒಂದು ಕಡೆ, ಕೈ ಒಂದು ಕಡೆ. ಸಿಪ್ಪೆ ಹಾರುತ್ತಲೇ ಇರುತ್ತದೆ. ಮೊದಲ ದಿನ ಕತ್ತಿಯ ಮುಂದೆ ಕೂತಾಗ ಅವರ ಕೈಯೂ ನಿಧಾನವೇ ಇತ್ತು.

ಕಲಿಯುವ ಕ್ರಮ

ಕೀಲಿಮಣೆಯ ನಡು ಸಾಲಿನಲ್ಲಿ 'ಎಫ್' ಮತ್ತು 'ಜೆ' ಕೀಲಿ ಮುಟ್ಟಿ ನೋಡಿ. ಸಣ್ಣದೊಂದು ಗೀರು ಉಬ್ಬಿಕೊಂಡಿದೆ. ಎಷ್ಟೋ ವರ್ಷ ಕಂಪ್ಯೂಟರ್ ಬಳಸಿದವರೂ ಇದನ್ನು ಗಮನಿಸಿರುವುದಿಲ್ಲ. ಎರಡು ತೋರುಬೆರಳಿಗೆ ಅದೇ ಮನೆ. ಎಡಗೈಯ ಉಳಿದ ಬೆರಳು 'ಡಿ, ಎಸ್, ಎ' ಮೇಲೆ, ಬಲಗೈಯವು 'ಕೆ, ಎಲ್' ಮತ್ತು ಅದರ ಪಕ್ಕದ ಚಿಹ್ನೆಯ ಮೇಲೆ. ಹೆಬ್ಬೆರಳು ಖಾಲಿ ಜಾಗ ಬಿಡಲಿಕ್ಕೆ. ಯಾವ ಬೆರಳು ಎಲ್ಲಿಗೆ ಹೋದರೂ ತಿರುಗಿ ಮನೆಗೆ ಬರಬೇಕು.

ಮೊದಲ ಕೆಲವು ವಾರ ವೇಗ ಕುಸಿಯುತ್ತದೆ. ಎರಡು ಬೆರಳಿನಲ್ಲೇ ಚಲೋ ಇತ್ತಲ್ಲ ಮಾರಾಯ್ರೇ ಎನ್ನಿಸುತ್ತದೆ. ಬಹಳ ಜನ ಕ್ಲಾಸು ಬಿಡುವುದು ಈ ಹಂತದಲ್ಲಿಯೇ. ಇಲ್ಲಿ ಹಲ್ಲು ಕಚ್ಚಿ ನಿಂತವನಿಗೆ ಮುಂದೆ ದಾರಿ ಸಲೀಸು. ಕಣ್ಣು ಕೆಳಗೆ ಜಾರುತ್ತದೆಂದರೆ ಕೈಯ ಮೇಲೊಂದು ಟವೆಲ್ ಹಾಕಿಕೊಳ್ಳಿ. ತಪ್ಪು ಜಾಸ್ತಿ ಬಿದ್ದರೆ ವೇಗ ಇಳಿಸಿ. ಮದ್ದಳೆ ಕಲಿಯುವವ ಮೊದಲು ವಿಳಂಬದಲ್ಲಿ ತಾಳ ಕೂರಿಸಿಕೊಳ್ಳುವುದಿಲ್ಲವೇ? ಇದೂ ಹಾಗೇ. ಏಟು ಒಂದೇ ಸಮ ಬೀಳಲಿ, ವೇಗ ತಾನಾಗಿ ಹಿಂದೆ ಬರುತ್ತದೆ. ಭಾನುವಾರ ಮೂರು ತಾಸು ಕುಟ್ಟುವುದಕ್ಕಿಂತ ದಿನಕ್ಕೆ ಅರ್ಧ ತಾಸು ಮೇಲು. ಹಾಡ್ತಾ ಹಾಡ್ತಾ ರಾಗ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕನ್ನಡಕ್ಕೆ ಬಂದರೆ

ಕನ್ನಡ ಟೈಪ್‌ರೈಟರಿನ ಕೀಲಿಮಣೆ ರೂಪಿಸಿದವರು ಅನಂತ ಸುಬ್ಬರಾಯರು. ಆ ಯಂತ್ರಗಳ ಕಾಲ ಮುಗಿಯಿತು. 1955ರಲ್ಲಿ ಟೈಪ್‌ರೈಟರ್ ತಯಾರಿ ಸುರುಮಾಡಿದ ಗೋದ್ರೆಜ್ ಕಂಪನಿ 2009ರಲ್ಲಿ ಅದನ್ನು ನಿಲ್ಲಿಸಿತು. ಕಂಪ್ಯೂಟರಿಗೆ ಉಚ್ಚಾರಕ್ಕೆ ಹೊಂದುವ ಕೀಲಿಮಣೆ ಕೊಟ್ಟವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್. 'ನುಡಿ' ತಂತ್ರಾಂಶದ ಕೀಲಿಮಣೆಗೂ ಅದೇ ಆಧಾರ. 'ಕೆ' ಒತ್ತಿದರೆ ಕ, 'ಎಂ' ಒತ್ತಿದರೆ ಮ. ಒತ್ತಕ್ಷರದ ಕೊಂಡಿ 'ಎಫ್' ಕೀಲಿಯಲ್ಲಿದೆ. ಎಂದರೆ ಎಡಗೈ ತೋರುಬೆರಳಿನ ಬುಡದಲ್ಲೇ!

ನಮ್ಮ ಮೂರು ಊರನ್ನೇ ಹೊಡೆದು ನೋಡಿ. ಶಿರಸಿಗೆ ಐದು ಏಟು. ಯಲ್ಲಾಪುರಕ್ಕೆ ಎಂಟು. ಸಿದ್ದಾಪುರಕ್ಕೆ ಒಂಬತ್ತು. ಶಿಫ್ಟ್ ಒತ್ತುವುದು ಬೇರೆ. ಒತ್ತು, ಕೊಂಬು, ದೀರ್ಘ ಬಂದಲ್ಲೆಲ್ಲ ಏಟು ಹೆಚ್ಚುತ್ತದೆ. ಅದಕ್ಕೇ ಇಂಗ್ಲಿಷ್ ಬಂದವನಿಗೂ ಕನ್ನಡಕ್ಕೆ ಬೇರೆ ಅಭ್ಯಾಸ ಬೇಕೇ ಬೇಕು.

ಈಗ ಮಾತಾಡಿದರೆ ಮೊಬೈಲೇ ಬರೆದುಕೊಳ್ತದಲ್ಲ ಎನ್ನುವವರಿದ್ದಾರೆ. ಬರೆದುಕೊಳ್ಳುತ್ತದೆ, ಸರಿ. ಸರ್ವೆ ನಂಬರು, ಮಜರೆಯ ಹೆಸರು, ಅಪ್ಪ ಅಜ್ಜನ ಹೆಸರು ತಪ್ಪು ಬಿದ್ದಲ್ಲಿ ತಿದ್ದುವವರು ಯಾರು? ಮತ್ತೆ ಬೆರಳೇ ಬರಬೇಕು. ಪರೀಕ್ಷೆಯ ಕೋಣೆಯಲ್ಲಂತೂ ಬೆರಳೊಂದೇ ಗತಿ.

ಅಂಗಡಿಕಾರರೇ, ನಿಮಗೂ ಒಂದು ಮಾತು. ಬಿಲ್ಲು ಹೊಡೆಯುವ ಕೀಲಿಮಣೆಯ ಬಲಬದಿಗೆ ಅಂಕಿಗಳ ಗುಂಪು ಉಂಟಷ್ಟೇ? ಅದರ 5ರ ಮೇಲೂ ಉಬ್ಬಿದ ಗುರುತಿದೆ. ನಡುಬೆರಳು ಅಲ್ಲಿ, ತೋರುಬೆರಳು 4ರ ಮೇಲೆ, ಉಂಗುರಬೆರಳು 6ರ ಮೇಲೆ, ಸೊನ್ನೆಗೆ ಹೆಬ್ಬೆರಳು. ಇಷ್ಟು ರೂಢಿ ಮಾಡಿದರೆ ಕಣ್ಣು ಪಟ್ಟಿಯ ಮೇಲೇ ಇರುತ್ತದೆ. ಅಡಿಕೆಯ ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆಯಾದರೆ ಏನಾಗುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಆಗಬೇಕಾದದ್ದು

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಯಿತು. ಕಾನಸೂರಿನಿಂದಲೋ ಮಂಚಿಕೇರಿಯಿಂದಲೋ ಶಿರಸಿಗೆ ಬಂದು ಕಲಿಯುವ ಹುಡುಗಿಗೆ ಟಿಕೇಟಿನ ಚಿಂತೆ ತಪ್ಪಿತು. ಆದರೆ ಕ್ಲಾಸು ಮುಗಿಯುವ ಹೊತ್ತಿಗೂ ಊರಿನ ಬಸ್ಸಿಗೂ ತಾಳೆಯಾಗದಿದ್ದರೆ ಉಚಿತ ಇದ್ದೂ ಏನು ಬಂತು? ಮಳೆಗಾಲದಲ್ಲಿ ಬೇಗ ಕತ್ತಲೆ, ಮೇಲಿಂದ ಕರೆಂಟಿನ ಕಣ್ಣಾಮುಚ್ಚಾಲೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಕ್ಲಾಸಿನಲ್ಲಿ ಕಲಿತದ್ದನ್ನು ಮರುದಿನದ ವರೆಗೆ ಎಲ್ಲಿ ಅಭ್ಯಾಸ ಮಾಡಬೇಕು?

ಸರ್ಕಾರಿ ಕಾಲೇಜುಗಳ ಕಂಪ್ಯೂಟರ್ ಕೋಣೆಗೆ ಪಾಠ ಮುಗಿದ ಮೇಲೆ ಬೀಗ ಹಾಕುವ ಬದಲು ಒಂದು ತಾಸು ಬಿಟ್ಟುಕೊಡಲಿ. ಪಂಚಾಯತಿಗಳ ಗ್ರಂಥಾಲಯ ಈಗ ಅರಿವು ಕೇಂದ್ರ. ಕಂಪ್ಯೂಟರ್ ಇರುವ ಕೇಂದ್ರಗಳಲ್ಲಿ 'ನುಡಿ' ಹಾಕಿಸಿ, ಗೋಡೆಗೊಂದು ಬೆರಳಿನ ನಕ್ಷೆ ಅಂಟಿಸಿದರೆ ಖರ್ಚು ಇಲ್ಲವೆಂಬಷ್ಟು ಕಡಿಮೆ. ಕ್ಲಾಸು ನಡೆಸುವವರು ಬಸ್ಸಿನ ವೇಳಾಪಟ್ಟಿ ಎದುರಿಗಿಟ್ಟುಕೊಂಡು ಸಮಯ ಗೊತ್ತುಮಾಡಲಿ.

ಕಚೇರಿ, ಕೋರ್ಟು, ಸೊಸೈಟಿ, ಗ್ರಾಮ ಒನ್ ಕೇಂದ್ರ ಎಲ್ಲೆಲ್ಲೂ ಕೀಲಿಮಣೆಯೇ. ಊರಲ್ಲೇ ಇದ್ದು ತೋಟ ನೋಡಿಕೊಂಡು, ತಂದೆ ತಾಯಿಯ ಹತ್ತಿರ ದುಡಿಯಬೇಕೆಂಬ ಮಕ್ಕಳಿಗೆ ಈ ಹತ್ತು ಬೆರಳೇ ಬಂಡವಾಳ. ಸಂಬಂಧಪಟ್ಟವರು ಬೀಗದ ಕೈ ಎಲ್ಲಿದೆ ಎಂದು ಹುಡುಕುತ್ತಾರೋ, ಇಲ್ಲ ಮುಂದಿನ ವರ್ಷ ನೋಡುವಾ ಅನ್ನುತ್ತಾರೋ, ಕಾದು ನೋಡಬೇಕು.