ಬ್ರಿಜ್‌ಟೌನ್‌ಗೆ ಬೇಸಿಗೆ ಬರುವುದು ಆಫ್ರಿಕಾದಿಂದ

2024ರ ಜೂನ್ 29ರಂದು ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು. ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ ನಮ್ಮ ರಾಹುಲ್ ದ್ರಾವಿಡ್ ಕಪ್ ಎತ್ತಿ ಹಿಡಿದು ಕೂಗಿದ್ದನ್ನು ಟಿ.ವಿ.ಯಲ್ಲಿ ಕಂಡವರು ಮರೆತಿರಲಾರರು. ಅದೇ ದಿನ, ದ್ವೀಪದ ಪೂರ್ವಕ್ಕೆ ಅಟ್ಲಾಂಟಿಕ್ ಸಾಗರದ ಮೇಲೆ, ಬೆರಿಲ್ ಎಂಬ ಬಿರುಗಾಳಿ ಬಲಿತು ಹರಿಕೇನ್ ಆಯಿತು. ವಿಮಾನ ನಿಲ್ದಾಣ ಮುಚ್ಚಿತು. ಗೆದ್ದ ತಂಡ ಹೋಟೆಲಿನಲ್ಲೇ ಉಳಿಯಬೇಕಾಯಿತು. ವಿಶೇಷ ವಿಮಾನ ಹತ್ತಿ ಅವರು ದೆಹಲಿ ತಲುಪಿದಾಗ ಜುಲೈ 4.

ಇಷ್ಟನ್ನು ಕಂಡವರಿಗೆ, ಬೇಸಿಗೆಯ ಶುರುವಿನಲ್ಲಿ ಬ್ರಿಜ್‌ಟೌನ್‌ಗೆ ಹೋಗಿಬರಬಹುದು ಎಂದರೆ ನಂಬಿಕೆ ಬರುವುದು ಕಷ್ಟ. ಆದರೆ ಏಪ್ರಿಲ್ ಮಧ್ಯಕ್ಕೆ ಅಲ್ಲಿನ ಪ್ರವಾಸಿ ಸೀಸನ್ ಮುಗಿಯುತ್ತದೆ. ಚಳಿ ತಪ್ಪಿಸಿಕೊಳ್ಳಲು ಬಂದಿದ್ದ ಇಂಗ್ಲೆಂಡ್, ಕೆನಡಾದವರು ಊರಿಗೆ ಮರಳುತ್ತಾರೆ, ಹೋಟೆಲ್ ಬಾಡಿಗೆ ಇಳಿಯುತ್ತದೆ. ಬಿರುಗಾಳಿಗಳ ಕಾಲ ಲೆಕ್ಕದಲ್ಲಿ ಜೂನ್ 1ಕ್ಕೆ ಶುರುವಾದರೂ ಅದರ ನಿಜವಾದ ಜೋರು ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ. ಇವೆರಡರ ನಡುವೆ ಸಿಗುವ ಮೇ-ಜೂನ್ ದಿನಗಳು ಹವಾಮಾನದ ಬಗ್ಗೆ ಕುತೂಹಲ ಇರುವವರಿಗೆ ಅಲ್ಲಿನ ಅತ್ಯಂತ ಒಳ್ಳೆಯ ದಿನಗಳು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಆ ಹೊತ್ತಿನಲ್ಲಿ ದ್ವೀಪದ ಆಕಾಶ, ಮಳೆ, ಕೊನೆಗೆ ದಿಗಂತದ ಬಣ್ಣ ಕೂಡ ಸಾಗರದಾಚೆಯ ಆಫ್ರಿಕಾದ ಮರ್ಜಿಗೆ ಒಳಪಡುತ್ತವೆ.

ಭೂಪಟ ತೆಗೆದು ನೋಡಿ. ಬ್ರಿಜ್‌ಟೌನ್ ಇರುವುದು 13.1 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರು 12.97, ಮಂಗಳೂರು 12.9. ಒಂದೇ ಗೆರೆ ಎಂದರೂ ತಪ್ಪಿಲ್ಲ. ಬೆಂಗಳೂರಿನವರು ಏಪ್ರಿಲ್ 24ರ ಸುಮಾರಿಗೆ ಶೂನ್ಯ ನೆರಳಿನ ದಿನ ಆಚರಿಸುತ್ತಾರಲ್ಲ, ಬ್ರಿಜ್‌ಟೌನ್‌ನಲ್ಲೂ ಹೆಚ್ಚುಕಡಿಮೆ ಆಗಲೇ ನಡುಹಗಲಿನ ಸೂರ್ಯ ನೆತ್ತಿಗೆ ಬರುತ್ತಾನೆ. ಮೇ, ಜೂನ್, ಜುಲೈನಲ್ಲಿ ಎರಡೂ ಕಡೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ವಾಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ವರ್ಷದ ಉಳಿದ ಕಾಲದಲ್ಲಿ ಉತ್ತರಕ್ಕೆ ಬೀಳುವ ನೆರಳು ಹೀಗೆ ದಿಕ್ಕು ಬದಲಿಸುವುದನ್ನು ಲಂಡನ್ನಿನಿಂದ ಬಂದ ಪ್ರವಾಸಿ ತನ್ನ ಊರಿನಲ್ಲಿ ಎಂದೂ ಕಂಡಿರುವುದಿಲ್ಲ. ನಾವು ನಮ್ಮ ಅಂಗಳದಲ್ಲೇ ಪ್ರತಿವರ್ಷ ನೋಡಬಹುದು.

ಬಿಸಿಲು ಒಂದೇ. ಮಳೆ ಮಾತ್ರ ಪೂರ್ತಿ ಬೇರೆ. ಮಂಗಳೂರಿನಲ್ಲಿ ಜೂನ್, ಜುಲೈ ಎರಡೇ ತಿಂಗಳಲ್ಲಿ ಸುರಿಯುವಷ್ಟು ಮಳೆ ಬ್ರಿಜ್‌ಟೌನ್‌ನಲ್ಲಿ ಇಡೀ ವರ್ಷದಲ್ಲೂ ಬೀಳುವುದಿಲ್ಲ. ಕಾರಣ ಇರುವುದು ನೆಲದ ಹಂಚಿಕೆಯಲ್ಲಿ. ನಮ್ಮ ಉತ್ತರಕ್ಕೆ ಏಷ್ಯಾ ಎಂಬ ಮಹಾ ಭೂಖಂಡವಿದೆ. ಬೇಸಿಗೆಯಲ್ಲಿ ಅದು ಕಾದು, ಗಾಳಿ ಮೇಲೇರಿ, ಅರಬ್ಬಿ ಸಮುದ್ರದ ತೇವವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ವರ್ಷದ ಅರ್ಧ ಕಾಲ ಒಂದು ಕಡೆಯಿಂದ ಬೀಸಿದ ಗಾಳಿ ಉಳಿದರ್ಧ ತಿರುಗಿ ಬೀಸುತ್ತದೆ. ಬಾರ್ಬಡೋಸ್‌ನ ಉತ್ತರಕ್ಕೆ ಇರುವುದು ಸಾಗರ. ಅದರ ಮೇಲೆ, ಬರ್ಮುಡಾ ಮತ್ತು ಅಝೋರ್ಸ್ ದ್ವೀಪಗಳ ನಡುವೆ, ಅಧಿಕ ಒತ್ತಡದ ಗಾಳಿ ಬೀಡುಬಿಟ್ಟಿರುತ್ತದೆ. ಅದರ ದಕ್ಷಿಣದ ಅಂಚಿನಿಂದ ಹೊರಡುವ ವಾಣಿಜ್ಯ ಮಾರುತ ಹನ್ನೆರಡು ತಿಂಗಳೂ ಪೂರ್ವದಿಂದಲೇ ಬೀಸುತ್ತದೆ. ಮೇ ತಿಂಗಳ ಮಂಗಳೂರಿನಲ್ಲಿ ಬೆವರು ಆರದೆ ಒದ್ದಾಡುವವರು ಅದೇ ತಿಂಗಳು ಬ್ರಿಜ್‌ಟೌನ್‌ಗೆ ಹೋದರೆ, ಉಷ್ಣಾಂಶ 30 ಡಿಗ್ರಿ ಇದ್ದರೂ ಮೈ ಹಗುರ ಅನ್ನಿಸುವುದು ಈ ಗಾಳಿಯಿಂದ.

ಗಾಳಿ ಪೂರ್ವದ್ದು ಎಂದಮೇಲೆ ಪೂರ್ವದಲ್ಲಿ ಏನಿದೆ ಎಂದು ಕೇಳಬೇಕು. ಸುಮಾರು 4,500 ಕಿ.ಮೀ. ಸಾಗರ, ಅದರಾಚೆ ಆಫ್ರಿಕಾದ ಪಶ್ಚಿಮ ಕರಾವಳಿ, ಅದರ ಹಿಂದೆ ಸಹಾರಾ. ನಡುವೆ ತಡೆಯಲು ಒಂದು ಗುಡ್ಡವೂ ಇಲ್ಲ. ಬೇಸಿಗೆಯಲ್ಲಿ ಮರುಭೂಮಿ ಕಾದಾಗ ಅಲ್ಲಿನ ಒಣ ಧೂಳುಗಾಳಿ ಹಲವು ಕಿಲೋಮೀಟರ್ ಎತ್ತರಕ್ಕೆ ಏರಿ, ಸಾಗರದ ಮೇಲಿನ ತೇವದ ಗಾಳಿಯ ಬೆನ್ನೇರಿ ಪಶ್ಚಿಮಕ್ಕೆ ಹೊರಡುತ್ತದೆ. ಐದರಿಂದ ಏಳು ದಿನಗಳಲ್ಲಿ ಕೆರಿಬಿಯನ್ ತಲುಪುತ್ತದೆ. ಚಳಿಗಾಲದಲ್ಲಿ ಈ ಧೂಳಿನ ದಾರಿ ದಕ್ಷಿಣಕ್ಕೆ ಜರುಗಿ ಅಮೆಜಾನ್ ಕಾಡಿನತ್ತ ಹೋಗುತ್ತದೆ. ಬೇಸಿಗೆ ಬಲಿತಂತೆ ಉತ್ತರಕ್ಕೆ ಸರಿದು ಬಾರ್ಬಡೋಸ್‌ನ ನೆತ್ತಿಗೆ ಬರುತ್ತದೆ.

ಇದನ್ನು ಕಣ್ಣಾರೆ ಕಾಣಬಹುದು. ಮೇ ತಿಂಗಳ ಶುಭ್ರ ದಿನ ಅಲ್ಲಿನ ಆಕಾಶ ಗಾಢ ನೀಲಿ. ಧೂಳು ಬಂದ ದಿನ ಮೋಡ ಇಲ್ಲದೆಯೂ ಆಕಾಶ ಹಾಲಿನಂತೆ ಬೆಳ್ಳಗಾಗುತ್ತದೆ, ದಿಗಂತದ ಗೆರೆ ಅಳಿಸಿಹೋಗುತ್ತದೆ. ಗಾಳಿಯ ಅಣುಗಳು ನೀಲಿ ಬೆಳಕನ್ನೇ ಹೆಚ್ಚಾಗಿ ಚದುರಿಸಿದರೆ, ಅವುಗಳಿಗಿಂತ ಎಷ್ಟೋ ದೊಡ್ಡವಾದ ಧೂಳಿನ ಕಣಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ.

ದ್ವೀಪದ ಪೂರ್ವ ತುದಿಯಲ್ಲಿ ರ‍್ಯಾಗೆಡ್ ಪಾಯಿಂಟ್ ಎಂಬ ಜಾಗವಿದೆ. ಒಂದು ದೀಪಸ್ತಂಭ, ಕೆಳಗೆ ಕಡಿದಾದ ಸುಣ್ಣಕಲ್ಲಿನ ಬಂಡೆ, ಬಂಡೆಗೆ ಅಪ್ಪಳಿಸುವ ಅಟ್ಲಾಂಟಿಕ್. ಅಮೆರಿಕದ ವಿಜ್ಞಾನಿ ಜೋಸೆಫ್ ಪ್ರಾಸ್ಪೆರೊ 1965ರಿಂದ ಈ ದ್ವೀಪದಲ್ಲಿ ಗಾಳಿಯ ಧೂಳು ಹಿಡಿಯುತ್ತ ಬಂದರು. ಗೋಪುರದ ಮೇಲೆ ಶೋಧಕ ಕಾಗದ ಇಟ್ಟು, ಸಮುದ್ರದ ಕಡೆಯಿಂದ ಗಾಳಿ ಬೀಸುವಾಗ ಮಾತ್ರ ಪಂಪ್ ಓಡಿಸುವುದು ವಿಧಾನ. ಊರಿನ ಧೂಳು ಸೇರಬಾರದಲ್ಲ. ಧೂಳಿನ ದಿನ ಬಿಳಿಯ ಕಾಗದ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಉಪ್ಪನ್ನು ತೊಳೆದು ಕಾಗದವನ್ನು ಸುಟ್ಟರೆ ಉಳಿಯುವ ಬೂದಿಯೇ ಸಹಾರಾದ ಮಣ್ಣು. ಇಷ್ಟು ಸರಳ ಕೆಲಸವನ್ನು ದಶಕಗಟ್ಟಲೆ ಬಿಡದೆ ಮಾಡಿದ್ದರಿಂದ ಒಂದು ದೊಡ್ಡ ಸತ್ಯ ಹೊರಬಿತ್ತು. ಸಹಾರಾದ ದಕ್ಷಿಣದ ಸಾಹೆಲ್ ಪ್ರದೇಶದಲ್ಲಿ 1970 ಮತ್ತು 80ರ ದಶಕಗಳಲ್ಲಿ ಭೀಕರ ಬರ ಬಿದ್ದಾಗ ಬಾರ್ಬಡೋಸ್‌ನ ಕಾಗದಗಳಲ್ಲಿ ಧೂಳು ಹಲವು ಪಟ್ಟು ಏರಿತ್ತು. ಒಂದು ಖಂಡದ ಹಸಿವಿನ ಲೆಕ್ಕ ಇನ್ನೊಂದು ದಡದಲ್ಲಿ ಬರೆದಿಡಲಾಗಿತ್ತು. ಇಂಥ ತಾಳ್ಮೆಯ ವಿಜ್ಞಾನಕ್ಕೆ ಸಿಗಬೇಕಾದಷ್ಟು ಗೌರವ ಇನ್ನೂ ಸಿಕ್ಕಿಲ್ಲ.

ಈ ಧೂಳನ್ನು ಇನ್ನೂ ಮೊದಲು ಗಮನಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು. 1832ರ ಜನವರಿಯಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಬೀಗಲ್ ಹಡಗು ಕೇಪ್ ವರ್ಡೆ ದ್ವೀಪಗಳ ಬಳಿ ಇದ್ದಾಗ ಅವರು ಧೂಳು ಸಂಗ್ರಹಿಸಿದರು. ಅದರ ಮೇಲೆ 1846ರಲ್ಲಿ ಲೇಖನವನ್ನೇ ಪ್ರಕಟಿಸಿದರು.

ಧೂಳು ಹಾರಿಬಂದು ಹಾರಿಹೋಗುವುದಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಬಾರ್ಬಡೋಸ್ ತನ್ನ ನೆರೆಯ ದ್ವೀಪಗಳಂತೆ ಜ್ವಾಲಾಮುಖಿಯಿಂದ ಹುಟ್ಟಿದ್ದಲ್ಲ. ಸಾಗರತಳದ ಕೆಸರು ಭೂಫಲಕಗಳ ಒತ್ತಡಕ್ಕೆ ಮಡಿಕೆಯಾಗಿ ಮೇಲೆದ್ದು, ಅದರ ಮೇಲೆ ಹವಳ ಬೆಳೆದು ಆದ ನೆಲ. ಶೇ. 85ರಷ್ಟು ಭಾಗ ಹವಳದ ಸುಣ್ಣಕಲ್ಲು. ಮಳೆನೀರಿಗೆ ಸುಣ್ಣಕಲ್ಲು ಕರಗಿದರೆ ಹಿಂದೆ ಉಳಿಯುವ ಮಣ್ಣು ತೀರಾ ಕಡಿಮೆ. ಆದರೂ ಅಲ್ಲಿ ಕಬ್ಬಿನ ಗದ್ದೆಗಳಿವೆ, ಕೆಂಪು ಕಂದು ಮಣ್ಣಿದೆ. ಅದು ಎಲ್ಲಿಂದ ಬಂತು? ಸುಲಭಕ್ಕೆ ಕರಗಿ ಹೋಗದ ಧಾತುಗಳ ಪ್ರಮಾಣವನ್ನು ತಾಳೆ ನೋಡಿದಾಗ ಭೂವಿಜ್ಞಾನಿ ಡ್ಯಾನಿಯಲ್ ಮುಹ್ಸ್ ಮತ್ತು ಸಂಗಡಿಗರಿಗೆ ಎರಡು ಮೂಲಗಳು ಸಿಕ್ಕವು. ಒಂದು, ಲಕ್ಷಾಂತರ ವರ್ಷಗಳಿಂದ ಬೀಳುತ್ತಿರುವ ಆಫ್ರಿಕಾದ ಧೂಳು. ಇನ್ನೊಂದು, ಪಕ್ಕದ ಸೇಂಟ್ ವಿನ್ಸೆಂಟ್ ದ್ವೀಪದ ಜ್ವಾಲಾಮುಖಿಯ ಬೂದಿ. ದ್ವೀಪದ ಒಳಭಾಗದಲ್ಲಿ ರಸ್ತೆಗಾಗಿ ಕಡಿದ ದಿಬ್ಬದ ಬಳಿ ನಿಂತರೆ ಕೆಳಗೆ ಹವಳದ ಕೊಂಬೆಗಳ ಗುರುತಿರುವ ಬಿಳಿಕಲ್ಲು, ಮೇಲೆ ತೆಳುವಾದ ಮಣ್ಣು ಕಾಣುತ್ತವೆ. ಆಕಾಶದಿಂದ ಇಳಿದ ಆ ಮಣ್ಣಿನಲ್ಲೇ 1640ರ ದಶಕದಿಂದ ಕಬ್ಬು ಬೆಳೆದರು. ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅವರನ್ನು ತುಂಬಿದ ಹಡಗುಗಳನ್ನು ತಳ್ಳಿದ್ದೂ ಇದೇ ಗಾಳಿ. ಇಂದಿನ ಬಾರ್ಬಡೋಸ್‌ನ ಬಹುಪಾಲು ಜನ ಅವರ ಮಕ್ಕಳ ಮಕ್ಕಳು.

ಬೂದಿಯ ವಿಷಯದಲ್ಲಿ ಒಂದು ಒಗಟಿತ್ತು. ಸೇಂಟ್ ವಿನ್ಸೆಂಟ್ ಇರುವುದು ಬಾರ್ಬಡೋಸ್‌ನ ಪಶ್ಚಿಮಕ್ಕೆ. ಪೂರ್ವದಿಂದಲೇ ಗಾಳಿ ಬೀಸುವ ಊರಿಗೆ ಪಶ್ಚಿಮದ ಬೂದಿ ಬರುವುದು ಹೇಗೆ? 1812ರ ಮೇ 1ರಂದು ಬಾರ್ಬಡೋಸ್‌ನಲ್ಲಿ ಹಗಲೇ ಕತ್ತಲಾಗಿ ಬೂದಿ ಸುರಿದಾಗ ಜನ ಬೆರಗಾದದ್ದು ಇದಕ್ಕೇ. ವಾಣಿಜ್ಯ ಮಾರುತ ವಾತಾವರಣದ ಕೆಳಪದರಕ್ಕೆ ಮಾತ್ರ ಸೀಮಿತ. ಅದರ ಮೇಲೆ, ಹತ್ತಾರು ಸಾವಿರ ಅಡಿ ಎತ್ತರದಲ್ಲಿ, ಗಾಳಿ ತಿರುವುಮುರುವಾಗಿ ಪಶ್ಚಿಮದಿಂದ ಬೀಸುತ್ತದೆ. ಸ್ಫೋಟ ಬೂದಿಯನ್ನು ಅಷ್ಟು ಎತ್ತರಕ್ಕೆ ಎಸೆದಿತ್ತು. 2021ರ ಏಪ್ರಿಲ್‌ನಲ್ಲಿ ಅದೇ ಜ್ವಾಲಾಮುಖಿ ಸಿಡಿದಾಗಲೂ ಬ್ರಿಜ್‌ಟೌನ್‌ನ ಛಾವಣಿಗಳು ಬೂದಿಯಲ್ಲಿ ಮುಚ್ಚಿದವು, ವಿಮಾನಗಳು ನಿಂತವು.

ಈಗ ಬಿರುಗಾಳಿ. ಅದೂ ಆಫ್ರಿಕಾದ್ದೇ. ಕಾದ ಸಹಾರಾ, ತಂಪಾದ ಗಿನಿ ಕರಾವಳಿ ಇವೆರಡರ ಉಷ್ಣಾಂಶದ ಅಂತರದಿಂದ ಅಲ್ಲಿ ಎತ್ತರದಲ್ಲಿ ಒಂದು ಗಾಳಿಯ ಹೊಳೆ ಹರಿಯುತ್ತದೆ. ಅದು ಬಳುಕಿದಾಗ ಮಳೆಮೋಡಗಳ ಅಲೆಗಳು ಏಳುತ್ತವೆ. ಮೇ ತಿಂಗಳಿಂದ ನವೆಂಬರ್‌ವರೆಗೆ ಇಂಥ ಸುಮಾರು 60 ಅಲೆಗಳು ಕೆಲವು ದಿನಗಳಿಗೊಂದರಂತೆ ಸಾಗರ ದಾಟುತ್ತವೆ. ಬಹುತೇಕ ಅಲೆಗಳು ಬ್ರಿಜ್‌ಟೌನ್‌ಗೆ ಒಂದೆರಡು ಗಂಟೆಯ ಮಳೆ ಕೊಟ್ಟು ಮುಂದೆ ಹೋಗುತ್ತವೆ. ಜೂನ್‌ನಲ್ಲಿ ಅಲ್ಲಿ ಕಾಣುವ ಮಳೆ ಹೆಚ್ಚಾಗಿ ಇದೇ. ಅವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಹರಿಕೇನ್ ಆಗುತ್ತವೆ.

ಹರಿಕೇನ್ ಆಗಲು ಸಮುದ್ರದ ಮೇಲ್ಮೈ 26.5 ಡಿಗ್ರಿಗಿಂತ ಬೆಚ್ಚಗಿರಬೇಕು, ಮೇಲಿನ ಗಾಳಿ ತೇವವಾಗಿರಬೇಕು. ಬೇಸಿಗೆಯ ಶುರುವಿನಲ್ಲಿ ಇವೆರಡೂ ಕೂಡಿಬರುವುದು ಅಪರೂಪ. ಧೂಳಿನ ಜೊತೆ ಬರುವ ಗಾಳಿಯಲ್ಲಿ ಸಾಮಾನ್ಯ ಉಷ್ಣವಲಯದ ಗಾಳಿಯ ಸುಮಾರು ಅರ್ಧದಷ್ಟು ತೇವ ಮಾತ್ರ ಇರುತ್ತದೆ. ಅದು ಮೋಡಗಳನ್ನು ಒಣಗಿಸುತ್ತದೆ. ಕೆಮ್ಮು ತರಿಸುವ ಧೂಳೇ ಬಿರುಗಾಳಿಯನ್ನೂ ತಡೆಯುತ್ತದೆ. 1955ರ ಜಾನೆಟ್ ನಂತರ ಬಾರ್ಬಡೋಸ್‌ಗೆ ನೇರವಾಗಿ ಬಡಿದ ಹರಿಕೇನ್ ಎಂದರೆ 2021ರ ಎಲ್ಸಾ. ನಡುವೆ ಅರುವತ್ತಾರು ವರ್ಷ. ಬೆರಿಲ್ ಕೂಡ ದ್ವೀಪದ ದಕ್ಷಿಣಕ್ಕೆ ಹಾದುಹೋಯಿತು. ಆದರೂ ಅದರ ಅಲೆಗಳು ಬ್ರಿಜ್‌ಟೌನ್‌ನ ಮೀನುಗಾರರ ದೋಣಿಗಳನ್ನು ಒಡೆದುಹಾಕಿದವು.

ಹಾಗಿದ್ದರೂ ಹಳೆಯ ಲೆಕ್ಕವನ್ನೇ ನೆಚ್ಚಿಕೊಂಡು ಕೂರುವ ಕಾಲ ಇದಲ್ಲ. ಎಲ್ಸಾ ಬಂದದ್ದು ಜುಲೈ 2ರಂದು. ಬೆರಿಲ್ 2024ರ ಜುಲೈ 2ರಂದು ಐದನೆಯ ದರ್ಜೆಗೆ ಏರಿ, ಅಟ್ಲಾಂಟಿಕ್‌ನಲ್ಲಿ ಅಷ್ಟು ಬೇಗ ಆ ಮಟ್ಟ ಮುಟ್ಟಿದ ಮೊದಲ ಬಿರುಗಾಳಿ ಎನಿಸಿತು. ಆ ಜೂನ್‌ನಲ್ಲಿ ಸಮುದ್ರದ ನೀರು ಆಗಸ್ಟ್ ಕೊನೆಯಲ್ಲಿ ಇರಬೇಕಾದಷ್ಟು ಬೆಚ್ಚಗಿತ್ತು. ಸಾಗರ ಹೀಗೆ ಕಾಯುತ್ತ ಹೋದರೆ ಜೂನ್ ಕೊನೆಯನ್ನು ಸುರಕ್ಷಿತ ಎನ್ನಲಾಗದು.

2011ರಿಂದ ಇನ್ನೊಂದು ಹೊಸ ಅತಿಥಿ ಬರುತ್ತಿದೆ, ಸಾರ್ಗಾಸಮ್ ಎಂಬ ತೇಲುವ ಕಂದು ಪಾಚಿ. ಕೈಯಲ್ಲಿ ಹಿಡಿದರೆ ಎಲೆಗಳ ನಡುವೆ ಮೆಣಸಿನ ಕಾಳಿನಷ್ಟು ಗಾಳಿಗುಳ್ಳೆಗಳು ಕಾಣುತ್ತವೆ, ತೇಲಿಸುವುದು ಅವೇ. 2018ರ ಜೂನ್‌ನಲ್ಲಿ ಉಪಗ್ರಹಗಳು ಆಫ್ರಿಕಾದಿಂದ ಮೆಕ್ಸಿಕೊ ಕೊಲ್ಲಿಯವರೆಗೆ 8,850 ಕಿ.ಮೀ. ಉದ್ದದ, ಎರಡು ಕೋಟಿ ಟನ್ ತೂಕದ ಪಾಚಿಯ ಪಟ್ಟಿಯನ್ನು ಕಂಡವು. ಸಮುದ್ರದಲ್ಲಿ ಅದು ಮೀನುಮರಿಗಳಿಗೆ ಆಸರೆ. ದಡದಲ್ಲಿ ಕೊಳೆತರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಡುತ್ತದೆ. ಗಾಳಿಗೆ ಮುಖಮಾಡಿದ ಪೂರ್ವ ಕರಾವಳಿಗೇ ಅದರ ಕಾಟ ಹೆಚ್ಚು.

ಹೋಗುವ ಮನಸ್ಸಿದ್ದರೆ ಮೇ ಮಧ್ಯದಿಂದ ಜೂನ್ ಮಧ್ಯದೊಳಗೆ ಹೋಗಿಬನ್ನಿ. ಉಳಿಯಲು ಪಶ್ಚಿಮ ದಂಡೆ ಒಳ್ಳೆಯದು, ಅಲ್ಲಿ ಸಮುದ್ರ ಶಾಂತ, ಪಾಚಿ ಕಡಿಮೆ. ಪೂರ್ವದ ಬಾತ್‌ಶೀಬಾಕ್ಕೆ ಅಲೆ ನೋಡಲು ಹೋಗಿ, ಈಜಲು ಇಳಿಯಬೇಡಿ, ಸೆಳೆತ ಅಪಾಯಕಾರಿ. ಉಬ್ಬಸ ಇರುವವರು ಧೂಳಿನ ಮುನ್ಸೂಚನೆ ನೋಡಿಕೊಂಡು ಮಾಸ್ಕ್ ಮತ್ತು ಔಷಧಿ ಜೊತೆಗಿಟ್ಟುಕೊಳ್ಳಿ. ಟಿಕೆಟ್ಟು, ಹೋಟೆಲು ಎರಡನ್ನೂ ಕೊನೆ ಗಳಿಗೆಯಲ್ಲಿ ರದ್ದು ಮಾಡಲು ಬರುವಂತೆ ಕಾದಿರಿಸಿ.