ನಿದ್ರಾರೋಗಗಳೂ ಅವುಗಳ ಚಿಕಿತ್ಸೆಯೂ

ಹಸಿವು ನೀರಡಿಕೆಗಳಂತೆ ನಿದ್ರೆಯೂ ದೇಹಧರ್ಮವೆಂಬುದನ್ನು ಎಲ್ಲರೂ ಬಲ್ಲರು. ಆದರೂ ಹಸಿವು ಕೆಟ್ಟರೆ ವೈದ್ಯರಲ್ಲಿಗೆ ಹೋಗುವವರು, ನಿದ್ರೆ ಕೆಟ್ಟಾಗ ಅದನ್ನು ವಯಸ್ಸಿನ ಮೇಲೋ ಚಿಂತೆಯ ಮೇಲೋ ಹೊರಿಸಿ ಸುಮ್ಮನಾಗುವುದುಂಟು. ಇಲ್ಲವೆ ನೆರೆಮನೆಯವರಿಗೆ ಹಿಡಿಸಿದ ಮಾತ್ರೆಯನ್ನೇ ತರಿಸಿ ನುಂಗುವುದುಂಟು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬರುವ ತಾಯಂದಿರೂ, ಸಂಸಾರವಂತರಾಗಿ ನಮ್ಮನ್ನು ಕಾಣಬರುವ ಹಳೆಯ ವಿದ್ಯಾರ್ಥಿನಿಯರೂ ಈ ವಿಷಯವನ್ನು ಪದೇ ಪದೇ ಪ್ರಸ್ತಾಪಿಸುವುದರಿಂದ ಇಲ್ಲಿ ಕೆಲವು ಮಾತುಗಳನ್ನು ಬರೆಯಲುದ್ದೇಶಿಸಿದ್ದೇವೆ.

ಮುಖ್ಯವಾಗಿ ತಿಳಿಯತಕ್ಕ ಸಂಗತಿ ಒಂದೇ. ನಿದ್ರೆಗೆಡುವುದು ಒಂದೇ ರೋಗವಲ್ಲ. ಆದುದರಿಂದ ಅದಕ್ಕೆ ಒಂದೇ ಔಷಧವೂ ಇಲ್ಲ. ಕಾರಣವನ್ನು ಗೊತ್ತುಮಾಡಿಕೊಂಡ ಮೇಲೆಯೇ ಚಿಕಿತ್ಸೆಯು ಫಲಿಸುವುದು.

ಮೊದಲನೆಯದು ನಿದ್ರಾಹೀನತೆ. ಮಲಗಲು ಅವಕಾಶವಿದ್ದೂ ವಾರಕ್ಕೆ 3 ರಾತ್ರಿಗಳಾದರೂ ನಿದ್ರೆ ಬಾರದೆ, ಹಗಲಿನ ಕೆಲಸವೂ ಕೆಟ್ಟು, 3 ತಿಂಗಳವರೆಗೆ ಹೀಗೆಯೇ ನಡೆದರೆ ಅದು ಬೇರೂರಿದೆಯೆಂದು ವೈದ್ಯರು ಎಣಿಸುವರು. ಇದಕ್ಕೆ ಮೊದಲು ಕೊಡತಕ್ಕದ್ದು ಮಾತ್ರೆಯಲ್ಲ, ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿಯೇ ಸಾರಿತು. ಬೆಳಿಗ್ಗೆ ಏಳುವ ಹೊತ್ತನ್ನು ಒಂದೇ ಆಗಿಡುವುದು. ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು ಕುಳಿತು, ಕಣ್ಣೆಳೆದಾಗ ಮಾತ್ರ ಹಾಸಿಗೆಗೆ ಮರಳುವುದು. “ಈ ರಾತ್ರಿಯೂ ನಿದ್ರೆಯಿಲ್ಲ” ಎಂಬ ಅಂಜಿಕೆಯನ್ನು ವಿವೇಕದಿಂದ ಕಳೆಯುವುದು, ಇವೇ ಅದರ ಅಂಗಗಳು. 8 ಗಂಟೆ ಹಾಸಿಗೆಯಲ್ಲಿದ್ದು 5 ಗಂಟೆ ಮಾತ್ರ ನಿದ್ರಿಸುವವರಿಗೆ ಹಾಸಿಗೆಯಲ್ಲಿರುವ ಕಾಲವನ್ನೇ ಮೊದಲು ಕಡಿಮೆಮಾಡಿ, ನಿದ್ರೆ ಕೂಡಿಬಂದಂತೆ ಮತ್ತೆ ಹೆಚ್ಚಿಸುವರು. ಇದನ್ನು ವೈದ್ಯರ ಸಲಹೆಯಂತೆಯೇ ನಡೆಸಬೇಕು. ಅಪಸ್ಮಾರವುಳ್ಳವರಿಗೆ ಇದು ಅಪಾಯಕರವಾಗಬಹುದು.

ಮಾತ್ರೆಗಳಿಗೂ ಸ್ಥಾನವುಂಟು, ಆದರೆ ಅದು ಕೆಲವೇ ದಿನಗಳ ಸ್ಥಾನ. ಅಲ್ಪ್ರಾಜೋಲಾಮ್, ಜೋಲ್ಪಿಡೆಮ್ ಮೊದಲಾದವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ, ಮಾರಿದುದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂದೂ ನಮ್ಮ ದೇಶದಲ್ಲಿ 2014ರಿಂದ ನಿಯಮವಿದೆ. ಅವು ಬಹುಕಾಲ ನಡೆದರೆ ದೇಹವು ಅವಕ್ಕೆ ಒಗ್ಗಿ, ಇಲ್ಲದೆ ನಿದ್ರೆಯೇ ಬಾರದಂತಾಗುವುದು. ವೃದ್ಧರು ರಾತ್ರಿ ಎದ್ದಾಗ ತೂಕ ತಪ್ಪಿ ಬಿದ್ದು ಸೊಂಟ ಮುರಿದುಕೊಳ್ಳುವ ಭಯವೂ ಉಂಟು. ಹಾಗೆಂದು ವರ್ಷಗಟ್ಟಲೆ ಸೇವಿಸಿದುದನ್ನು ಒಮ್ಮೆಗೇ ನಿಲ್ಲಿಸಲೂ ಆಗದು. ಅದರಿಂದ ಫಿಟ್ಸ್ ಸಹ ಬರಬಹುದು. ವೈದ್ಯರ ಕಣ್ಣೆದುರಿನಲ್ಲಿ ಸ್ವಲ್ಪ ಸ್ವಲ್ಪವಾಗಿಯೇ ಇಳಿಸತಕ್ಕದ್ದು.

ಎರಡನೆಯದು ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ. ಗೊರಕೆಯನ್ನು ಮನೆಮಂದಿ ನಗೆಯ ವಿಷಯವಾಗಿ ಮಾಡುವರು. ಆದರೆ ಜೋರಾಗಿ ಗೊರಕೆ ಹೊಡೆಯುವವರು ನಡುವೆ ಸದ್ದಡಗಿ, ಮತ್ತೆ ಏದುಸಿರಿನಿಂದ ಬೆಚ್ಚಿ ಉಸಿರೆಳೆದರೆ ನಗತಕ್ಕದ್ದಲ್ಲ. 10 ಸೆಕೆಂಡಿಗೆ ಕಡಿಮೆಯಿಲ್ಲದ ಇಂಥ ತಡೆಗಳು ಗಂಟೆಗೆ 30ಕ್ಕೆ ಮೀರಿದರೆ ರೋಗವು ತೀವ್ರವೆಂದರ್ಥ. ರಕ್ತದೊತ್ತಡ, ಪಾರ್ಶ್ವವಾಯು, ವಾಹನ ನಡೆಸುವಾಗ ತೂಕಡಿಕೆ ಇವು ಇದರ ಹಿಂದೆಯೇ ಬರುವುವು. ಇಂಥವರಿಗೆ ನಿದ್ರೆಯ ಮಾತ್ರೆಯು ಉಸಿರಿನ ತಡೆಯನ್ನು ಇನ್ನೂ ಹೆಚ್ಚಿಸಬಹುದು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಎಂಬ ವೈದ್ಯರು ಪ್ರಕಟಿಸಿದ ಉಪಾಯವೇ ಇಂದಿಗೂ ಮುಖ್ಯ ಚಿಕಿತ್ಸೆಯಾಗಿದೆ: ಸಿಪ್ಯಾಪ್ ಎಂಬ ಯಂತ್ರವು ಮುಖವಾಡದ ಮೂಲಕ ಗಾಳಿಯನ್ನೊತ್ತಿ ಗಂಟಲ ಹಾದಿಯನ್ನು ತೆರೆದಿಡುವುದು. ತೂಕವಿಳಿಸುವುದೂ, ಪಕ್ಕಕ್ಕೆ ಮಲಗುವುದೂ, ಮದ್ಯವನ್ನು ಬಿಡುವುದೂ ಸಹಾಯಕ. ಗೊರಕೆ ಹೊಡೆದು ಬಾಯಿಯಿಂದ ಉಸಿರಾಡುವ ಮಕ್ಕಳ ಮೂಗು, ಗಂಟಲ ಗ್ರಂಥಿಗಳನ್ನು ಪರೀಕ್ಷೆಮಾಡಿಸಬೇಕು.

ಮೂರನೆಯದು ಹೆಂಗಸರಲ್ಲಿ ಹೆಚ್ಚು. ಸಂಜೆಯಾಗಿ ಕಾಲು ಚಾಚಿದೊಡನೆ ಹುಳು ಹರಿದಂತಾಗಿ, ಎದ್ದು ನಡೆದಾಡಿದರೆ ಮಾತ್ರ ಶಮನವಾಗುವ ಕಾಲಿನ ತಳಮಳ. ಅನೇಕರಲ್ಲಿ ಇದಕ್ಕೆ ಕಬ್ಬಿಣಾಂಶದ ಕೊರತೆಯೇ ಕಾರಣ. ಗರ್ಭಿಣಿಯರಲ್ಲಿ ಇದು ಉಲ್ಬಣಿಸುವುದೂ ಉಂಟು. ರಕ್ತದಲ್ಲಿ ಫೆರಿಟಿನ್ ಎಂಬುದನ್ನು ಅಳೆಸಿ, ಕಡಿಮೆಯಿದ್ದರೆ ಕಬ್ಬಿಣವನ್ನು ಕೊಡುವುದೇ ಚಿಕಿತ್ಸೆ.

ನಾಲ್ಕನೆಯದು ಹೊತ್ತು ತಪ್ಪಿದ ನಿದ್ರೆ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಬ್ಯಾರನ್ನಿಗೆ ರಾತ್ರಿಯೆಲ್ಲ ಉರಿ ಹಾಕುವ ರೈತರು, ಕರೆಂಟು ಬಂದಾಗ ನಡುರಾತ್ರಿಯಲ್ಲೆದ್ದು ಪಂಪು ಹಾಕುವವರು, 1982ರಿಂದ ಉಪಗ್ರಹಗಳನ್ನು ಹಗಲಿರುಳು ಕಾಯುತ್ತಿರುವ ಹಾಸನದ ಇಸ್ರೋ ಕೇಂದ್ರದಂಥ ಸ್ಥಳಗಳಲ್ಲಿ ರಾತ್ರಿ ಪಾಳಿ ಮಾಡುವವರು, ಇವರೆಲ್ಲ ದೇಹದ ಗಡಿಯಾರಕ್ಕೆ ವಿರುದ್ಧವಾಗಿ ದುಡಿಯುವರು. ಪಾಳಿಗೆ ಮುಂಚೆ ಕಿರುನಿದ್ರೆ, ಕೆಲಸದ ಹೊತ್ತಿನಲ್ಲಿ ಒಳ್ಳೆಯ ಬೆಳಕು, ಹಗಲು ಮಲಗಲು ಕತ್ತಲೆಯ ಕೋಣೆ ಇವು ಬೇಕು; ಮೆಲಟೋನಿನ್ ಬೇಕೋ ಬೇಡವೋ ವೈದ್ಯರು ಹೇಳುವರು. ಕಾಫಿಯ ನಾಡಿನವರಾದ ನಾವು ಇನ್ನೊಂದನ್ನು ನೆನೆಯಬೇಕು: ಸಂಜೆ 5 ಗಂಟೆಗೆ ಕುಡಿದ ಕಾಫಿಯ ಸತ್ತ್ವದಲ್ಲಿ ಸುಮಾರು ಅರ್ಧವು ರಾತ್ರಿ 10 ಗಂಟೆಗೂ ರಕ್ತದಲ್ಲಿರುವುದು.

ಹೆಣ್ಣುಮಕ್ಕಳ ವಿಷಯವಾಗಿ ಪೋಷಕರಿಗೊಂದು ಬಿನ್ನಹ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ಸೋಮಾರಿಯೆನ್ನುವ ಮೊದಲು, ಅವಳು ಎಷ್ಟು ಹೊತ್ತಿಗೆ ಮಲಗಿದಳು, ಮೊಬೈಲು ಎಲ್ಲಿತ್ತು, ರಕ್ತಹೀನತೆಯಿದೆಯೇ, ಮನಸ್ಸಿನಲ್ಲೇನಾದರೂ ನೋವಿದೆಯೇ ಎಂದು ವಿಚಾರಿಸಿರಿ.

ಚಿಕಿತ್ಸೆಗೆ ದೂರ ಹೋಗಬೇಕೆಂಬ ಭಯ ಬೇಡ. ಮೊದಲು ತಾಲ್ಲೂಕು ಆಸ್ಪತ್ರೆ. ಬೇಕಾದರೆ ಹಾಸನದಲ್ಲಿ 2006ರಲ್ಲಿ ಸ್ಥಾಪಿತವಾದ ಸರ್ಕಾರಿ ವೈದ್ಯಕೀಯ ಸಂಸ್ಥೆ. ತೊಡಕಿನ ರೋಗವಾದರೆ ಬೆಂಗಳೂರಿನ ನಿಮ್ಹಾನ್ಸ್. ಮನೋವ್ಯಥೆಯಿಂದ ನಿದ್ರೆಗೆಟ್ಟವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಹೋಗುವ ಮುನ್ನ ಎರಡು ವಾರ ಮಲಗಿದ, ಎದ್ದ ಹೊತ್ತುಗಳನ್ನೂ, ಕಾಫಿ, ಔಷಧಗಳನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿರಿ. ಗೊರಕೆಯಿದ್ದರೆ ಅದನ್ನು ಕೇಳಿದವರನ್ನೂ ಜೊತೆಗೆ ಕರೆದೊಯ್ಯಿರಿ. ಮನೆಯವರೆಲ್ಲ ಮಲಗಿದ ಮೇಲೆ ಮಲಗಿ, ಎಲ್ಲರಿಗಿಂತ ಮುಂಚೆ ಏಳುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಪುಸ್ತಕದ ಮೊದಲ ಪುಟವನ್ನು ತಮ್ಮ ನಿದ್ರೆಗಾಗಿಯೇ ಬರೆಯಲೆಂದು ನಮ್ಮ ಹಾರೈಕೆ.