ಅಕ್ಟೋಬರಿನಲ್ಲಿ ಕೆರಿಬಿಯನ್ ಕರಾವಳಿ ಬೇಡ ಎನ್ನುವವರಿಗೆ

ಕೋಸ್ಟರಿಕಾಕ್ಕೆ ಹೋಗಬೇಕೆಂದು ಬಾಯಿ ಬಿಟ್ಟರೆ ಸಾಕು, ಕೇಳಿದವರು ಕೇಳದವರು ಎಲ್ಲರಿಂದಲೂ ಒಂದೇ ಉಪದೇಶ: 'ಡಿಸೆಂಬರಿನಿಂದ ಏಪ್ರಿಲ್ ಒಳಗೆ ಹೋಗಿಬನ್ನಿ. ಸೆಪ್ಟೆಂಬರ್, ಅಕ್ಟೋಬರ್ ಮಾತ್ರ ಬೇಡವೇ ಬೇಡ, ಮಳೆಯಲ್ಲಿ ಕೊಚ್ಚಿಹೋಗುತ್ತೀರಿ.' ಪೆಸಿಫಿಕ್ ಕಡೆ ಹೊರಟವರಿಗೆ ಈ ಮಾತು ಸರಿ. ರಾಜಧಾನಿ ಸಾನ್ ಹೋಸೆಯಲ್ಲಿ ಉಳಿಯುವವರಿಗೂ ಸರಿ. ಆದರೆ ಬಾಡಿಗೆ ಕಾರು ಹಿಡಿದು ಲಿಮೋನ್, ಕಾವೀತಾ, ಪುಯೆರ್ತೊ ವಿಯೆಹೊ ಎಂದು ಕೆರಿಬಿಯನ್ ಕರಾವಳಿಯ ಉದ್ದಕ್ಕೂ ಅಡ್ಡಾಡಬೇಕೆಂದಿರುವವರಿಗೂ ಇದನ್ನೇ ಒಪ್ಪಿಸುತ್ತಾರಲ್ಲ, ಅಲ್ಲಿ ನನ್ನ ತಾಳ್ಮೆ ಮುಗಿಯುತ್ತದೆ. ಆ ಕರಾವಳಿಯಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗು.

ಅಂಕಿಗಳನ್ನೇ ನೋಡಿ. ಲಿಮೋನ್ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು 3,400 ಮಿ.ಮೀ. ಮಳೆ. ಅದರಲ್ಲಿ ಡಿಸೆಂಬರ್ ಒಂದರಲ್ಲೇ 400ರ ಆಸುಪಾಸು, ಜುಲೈಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಸೆಪ್ಟೆಂಬರಿನಲ್ಲಿ ಬೀಳುವುದು ಸುಮಾರು 160, ಅಕ್ಟೋಬರಿನಲ್ಲಿ ಸುಮಾರು 200. ಈಗ ಸಾನ್ ಹೋಸೆಯನ್ನು ಪಕ್ಕಕ್ಕಿಡಿ. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಎರಡರಲ್ಲೂ 300 ಮಿ.ಮೀ. ದಾಟುತ್ತದೆ, ಡಿಸೆಂಬರಿಗೆ 50ಕ್ಕಿಂತ ಕೆಳಗಿಳಿಯುತ್ತದೆ. ಎರಡು ಊರುಗಳ ನಡುವಿನ ರಸ್ತೆ 160 ಕಿ.ಮೀ. ಮಾತ್ರ. ಅಂದರೆ ಈ ಉಪದೇಶಕರು ಲಿಮೋನಿಗೆ ಹೊರಟವನನ್ನು ವರ್ಷದಲ್ಲೇ ಮಳೆ ಕಡಿಮೆಯಿರುವ ತಿಂಗಳಿನಿಂದ ತಡೆದು, ಮಳೆ ಹೆಚ್ಚು ಹುಯ್ಯುವ ತಿಂಗಳಿಗೆ ಕೈಹಿಡಿದು ಕರೆದೊಯ್ಯುತ್ತಾರೆ. ಡಿಸೆಂಬರಿನ ದುಬಾರಿ ಬಾಡಿಗೆ ಬೇರೆ.

'ಅಷ್ಟು ಸಣ್ಣ ದೇಶದಲ್ಲಿ ಎರಡೆರಡು ಹವಾಮಾನ ಇರುತ್ತದೆಯೇ?' ಎಂದು ಕೇಳುವವರಿದ್ದಾರೆ. ಕೋಸ್ಟರಿಕಾದ ವಿಸ್ತೀರ್ಣ ಸುಮಾರು 51,100 ಚದರ ಕಿ.ಮೀ., ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಜಾಸ್ತಿ. ಬೇರೆ ಯಾರಾದರೂ ಹಾಗೆ ಕೇಳಿದರೆ ಸುಮ್ಮನಿರಬಹುದು, ಕನ್ನಡಿಗರು ಕೇಳಿದಾಗ ನಗು ಬರುತ್ತದೆ. ಜುಲೈಯಲ್ಲಿ ಮಂಗಳೂರಿನಲ್ಲಿ ಬಟ್ಟೆ ಒಣಗದೆ ಒದ್ದಾಡುವಾಗ ಚೆನ್ನೈಯವರು ಸೆಕೆಗೆ ಬೇಯುತ್ತಿರುತ್ತಾರೆ. ನವೆಂಬರಿನಲ್ಲಿ ಚೆನ್ನೈ ನೀರಿನಲ್ಲಿ ನಿಂತಾಗ ಮಂಗಳೂರಿನಲ್ಲಿ ಹಪ್ಪಳ ಒಣಗಿಸಬಹುದು. ಗಾಳಿ ಯಾವ ಕಡಲಿನಿಂದ ಬರುತ್ತದೆ, ಘಟ್ಟ ಯಾವ ಪಕ್ಕಕ್ಕಿದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಇದನ್ನು ಶಾಲೆಯಲ್ಲಿ ಓದಿ, ಆಮೇಲೆ ಛತ್ರಿ ಹಿಡಿದು ಅನುಭವಿಸಿದವರು ವಿಮಾನ ಹತ್ತಿದ ಕೂಡಲೇ ಮರೆತುಬಿಡುವುದು ಹೇಗೆ?

ಕೋಸ್ಟರಿಕಾದ ಬೆನ್ನೆಲುಬಿನಂತೆ ನಿಂತಿರುವ ಪರ್ವತಸಾಲಿನಲ್ಲಿ ದಕ್ಷಿಣದ ಭಾಗ ತಾಲಮಾಂಕಾ. ಅದರ ಚಿರಿಪೊ ಶಿಖರ 3,800 ಮೀಟರಿಗಿಂತ ಎತ್ತರ. ವರ್ಷದ ಬಹುಪಾಲು ಈಶಾನ್ಯದ ವಾಣಿಜ್ಯ ಮಾರುತಗಳು ಬೆಚ್ಚಗಿನ ಕೆರಿಬಿಯನ್ ಸಮುದ್ರದ ಮೇಲಿನಿಂದ ತೇವ ಹೊತ್ತು ಬಂದು ಈ ಗೋಡೆಗೆ ಬಡಿಯುತ್ತವೆ, ಮೇಲೇರಿ ತಣ್ಣಗಾಗಿ ಕೆರಿಬಿಯನ್ ಇಳಿಜಾರಿನಲ್ಲೇ ಹೊರೆ ಇಳಿಸುತ್ತವೆ. ಆಚೆ ಇಳಿಯುವ ಹೊತ್ತಿಗೆ ಅವು ಒಣಗಾಳಿ. ಅದಕ್ಕೇ ಫೆಬ್ರವರಿ, ಮಾರ್ಚಿನಲ್ಲಿ ಪೆಸಿಫಿಕ್ ಕಡೆಯ ಗ್ವಾನಕಾಸ್ತೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಈ ಮಾರುತಗಳು ಸೊರಗುತ್ತವೆ. ಆಗ ಪೆಸಿಫಿಕ್ ಕಡೆಯ ತೇವಗಾಳಿ ಒಳನುಗ್ಗಿ ಆ ಬದಿಯನ್ನು ತೋಯಿಸುತ್ತದೆ, ಮಳೆನೆರಳಿಗೆ ಬೀಳುವ ಸರದಿ ಕೆರಿಬಿಯನ್ ಬದಿಯದಾಗುತ್ತದೆ. ಡಿಸೆಂಬರ್ ಸುತ್ತಮುತ್ತ ಉತ್ತರ ಅಮೆರಿಕದಿಂದ ಶೀತಗಾಳಿಯ ಅಲೆಗಳು ಕೆಳಗಿಳಿದು ಕೆರಿಬಿಯನ್ ದಾಟಿ ಬಂದಾಗಲಂತೂ ಲಿಮೋನಿನಲ್ಲಿ ದಿನಗಟ್ಟಲೆ ಬಿಡದೆ ಜಡಿಮಳೆ, ನದಿಗಳಲ್ಲಿ ನೆರೆ. ಕ್ರಿಸ್‌ಮಸ್ ರಜೆಗೆಂದು ಅಮೆರಿಕದಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು, ಕಾವೀತಾದ ಹೋಟೆಲಿನ ಜಗಲಿಯಲ್ಲಿ ಇಸ್ಪೀಟು ಆಡುತ್ತ ಕೂತವರಿಗೆ ಇದು ಗೊತ್ತು. ಅವರ ಸಿಟ್ಟು ಮಾತ್ರ ಮಳೆಯ ಮೇಲೆ, ಸಲಹೆ ಕೊಟ್ಟವರ ಮೇಲಲ್ಲ.

ಮಳೆಯಷ್ಟೇ ಅಲ್ಲ, ಕಡಲೂ ಈ ಪಂಚಾಂಗವನ್ನೇ ಅನುಸರಿಸುತ್ತದೆ. ಪುಯೆರ್ತೊ ವಿಯೆಹೊದ ಎದುರಿಗಿರುವ ಸಾಲ್ಸಾ ಬ್ರಾವಾ ಎಂಬ ಅಲೆ ಪಳಗಿದ ಸರ್ಫರ್‌ಗಳನ್ನೂ ಹವಳದ ಬಂಡೆಗೆ ಒಗೆಯುವಂಥದ್ದು. ಅದರ ಅಬ್ಬರ ಡಿಸೆಂಬರಿನಿಂದ ಮಾರ್ಚಿನವರೆಗೆ. ಅಂದರೆ 'ಒಳ್ಳೆಯ ಕಾಲ' ಎಂದು ಎಲ್ಲರೂ ಕಳಿಸುವ ತಿಂಗಳುಗಳಲ್ಲೇ ಮಕ್ಕಳೊಂದಿಗೆ ನೀರಿಗಿಳಿಯುವುದು ಕಷ್ಟ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅದೇ ಕಡಲು ಬಹುಮಟ್ಟಿಗೆ ಸುಮ್ಮನಾಗುತ್ತದೆ. ಕೆಸರು ತಳಕ್ಕಿಳಿದು ನೀರು ತಿಳಿಯಾಗುವುದರಿಂದ ಕಾವೀತಾ ರಾಷ್ಟ್ರೀಯ ಉದ್ಯಾನದ ಹವಳದ ದಿಬ್ಬಗಳನ್ನು ಸ್ನಾರ್ಕೆಲ್ ಹಾಕಿ ನೋಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಗೈಡ್ ಇಲ್ಲದೆ ಅಲ್ಲಿ ಸ್ನಾರ್ಕೆಲ್‌ಗೆ ಬಿಡುವುದಿಲ್ಲ, ಬಿಡಬಾರದು ಕೂಡ. ಇನ್ನು ಇದೇ ಕರಾವಳಿಯ ಉತ್ತರದಲ್ಲಿರುವ ತೋರ್ತುಗೆರೊದ ಹಸಿರು ಕಡಲಾಮೆಗಳು ದಡಕ್ಕೆ ಬಂದು ಮೊಟ್ಟೆಯಿಡುವುದು ಜುಲೈಯಿಂದ ಅಕ್ಟೋಬರಿನವರೆಗೆ. ಅವು ಯಾರ ಸಲಹೆಯನ್ನೂ ಕೇಳಿ ಬಂದಂತಿಲ್ಲ.

ಇಷ್ಟು ಹೇಳಿದ ಮೇಲೆ ಎದುರಾಳಿಗಳು ಕೊನೆಯ ಅಸ್ತ್ರ ತೆಗೆಯುತ್ತಾರೆ: 'ಸೆಪ್ಟೆಂಬರ್ ಎಂದರೆ ಚಂಡಮಾರುತಗಳ ಕಾಲವಲ್ಲವೇ?' ಹೌದು, ಕ್ಯೂಬಾಕ್ಕೆ, ಜಮೈಕಾಕ್ಕೆ, ಮೆಕ್ಸಿಕೋದ ಯುಕಟಾನಿಗೆ. ಕೋಸ್ಟರಿಕಾ ಇರುವುದು ಸುಮಾರು 10 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಂಡಮಾರುತಗಳು ಸಾಮಾನ್ಯವಾಗಿ ಅದಕ್ಕಿಂತ ಉತ್ತರದ ದಾರಿ ಹಿಡಿಯುತ್ತವೆ. ಕಣ್ಣು ಸಮೇತ ಈ ದೇಶದ ಮೇಲೆ ಹಾದುಹೋದದ್ದು 2016ರ ಆಟೊ ಚಂಡಮಾರುತ. ಅದೂ ದಡ ಸೇರಿದ್ದು ಗಡಿಯಾಚೆಯ ನಿಕರಾಗುವಾದಲ್ಲಿ, ಸೆಪ್ಟೆಂಬರಿನಲ್ಲಲ್ಲ, ನವೆಂಬರ್ 24ರಂದು. ಕೋಸ್ಟರಿಕಾದಲ್ಲಿ ಅದು ಹತ್ತು ಜೀವಗಳನ್ನು ಬಲಿ ಪಡೆಯಿತು, ಹಗುರವಾಗಿ ಆಡುವ ಮಾತಲ್ಲ. ಆದರೆ ಸ್ವಾರಸ್ಯ ಬೇರೆಯೇ ಇದೆ. ಉತ್ತರ ಕೆರಿಬಿಯನ್ನಿನಲ್ಲಿ ಚಂಡಮಾರುತ ಸುತ್ತುವಾಗ ಅದು ಪೆಸಿಫಿಕ್ ಕಡೆಯ ತೇವವನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆ ಜಡಿಯುವುದು ಪೆಸಿಫಿಕ್ ಬದಿಯಲ್ಲಿ. 2017ರ ಅಕ್ಟೋಬರಿನಲ್ಲಿ ನೇಟ್ ಚಂಡಮಾರುತ ರೂಪುಗೊಂಡದ್ದು ಕೆರಿಬಿಯನ್ನಿನಲ್ಲಿ, ಕೋಸ್ಟರಿಕಾದಲ್ಲಿ ಅದರ ಹೊಡೆತಕ್ಕೆ ಸಿಕ್ಕಿದ್ದು ಮುಖ್ಯವಾಗಿ ಪೆಸಿಫಿಕ್ ಬದಿ. ಹೆಸರಿನಲ್ಲಿ ಕೆರಿಬಿಯನ್ ಇದ್ದ ಮಾತ್ರಕ್ಕೆ ಬಿರುಗಾಳಿಯೆಲ್ಲ ಅಲ್ಲಿಗೇ ಬರುತ್ತದೆ ಎಂದುಕೊಂಡವರು ಈ ಒಂದು ಘಟನೆಯನ್ನಾದರೂ ನೆನಪಿಟ್ಟುಕೊಳ್ಳಬೇಕು.

ಈ ಉಪದೇಶಕರಿಗೆ ಎದುರಾಗಿ ಹೊಸದೊಂದು ಪಂಥವೂ ಹುಟ್ಟಿಕೊಂಡಿದೆ: 'ಅಕ್ಟೋಬರಿನಲ್ಲಿ ಕೆರಿಬಿಯನ್ ಬದಿಯಲ್ಲಿ ಒಂದು ಹನಿಯೂ ಬೀಳುವುದಿಲ್ಲ.' ಇವರಿಂದಲೂ ದೂರವಿರಿ. ಲಿಮೋನಿನಲ್ಲಿ ನಿಜವಾಗಿ ಒಣ ಎನ್ನಬಹುದಾದ ತಿಂಗಳೇ ಇಲ್ಲ, 160 ಮಿ.ಮೀ. ಎಂದರೆ ಕೊಡೆ ಬೇಕಾಗುವಷ್ಟು ಮಳೆಯೇ. ಆದರೆ ಈ ಕರಾವಳಿಯ ಮಳೆ ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ ಬಂದು ಹೋಗುತ್ತದೆ. ಮಧ್ಯಾಹ್ನವಾದೊಡನೆ ಸುರಿಯುವ ಸಾನ್ ಹೋಸೆಯ ಮಳೆಯ ಹಾಗೆ ದಿನದ ತಿರುಗಾಟವನ್ನು ನುಂಗುವುದಿಲ್ಲ. ಎಲ್ ನಿನೊ ಇರುವ ವರ್ಷಗಳಲ್ಲಿ ಪೆಸಿಫಿಕ್ ಬದಿ ಒಣಗಿ ಕೆರಿಬಿಯನ್ ಬದಿಗೆ ಹೆಚ್ಚು ಮಳೆ ಬರುವುದೂ ಉಂಟು. ಅಕ್ಟೋಬರಿನಲ್ಲಿ ನಿಜವಾಗಿ ಎಚ್ಚರ ಬೇಕಾಗಿರುವುದು ಕರಾವಳಿಯಲ್ಲಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿ. ಸಾನ್ ಹೋಸೆಯಿಂದ ಹೊರಡುವ 32ನೇ ಹೆದ್ದಾರಿ ಸುರ್ಕಿ ಸುರಂಗ ದಾಟಿ ಬ್ರಾವ್ಲಿಯೊ ಕರ್ರೀಯೊ ಕಾಡಿನೊಳಗೆ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಗುಡ್ಡ ಕುಸಿಯುವುದು, ಮಂಜು ಕವಿಯುವುದು, ರಸ್ತೆ ಮುಚ್ಚುವುದು ಎಲ್ಲ ಮಾಮೂಲು. ಬೆಳಗ್ಗೆ ಬೇಗ ಹೊರಡಿ. ಮುಚ್ಚಿದ್ದರೆ ತುರ್ರಿಯಾಲ್ಬಾ, ಸಿಕೀರ್ರೆಸ್ ಮೂಲಕ ಸುತ್ತಿ ಬರುವ 10ನೇ ಹೆದ್ದಾರಿ ಇದೆ. ತಿರುವು ಜಾಸ್ತಿ, ಆದರೆ ಊರು ಮುಟ್ಟಿಸುತ್ತದೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡುವ ಅಗತ್ಯವಿಲ್ಲ.

ಕೆರಿಬಿಯನ್ ಎಂದರೆ ಬರೀ ದ್ವೀಪಗಳು, ಬರೀ ಕ್ರಿಕೆಟ್: ಮೆಕ್ಸಿಕೋದಿಂದ ವೆನೆಜುವೆಲಾದವರೆಗೆ ಅದಕ್ಕೆ ಉದ್ದದ ಭೂಖಂಡದ ಕರಾವಳಿಯಿದೆ, ಕ್ರಿಕೆಟ್ ಕೂಡ, 1890ರಲ್ಲಿ ಮುಗಿದ ಸಾನ್ ಹೋಸೆ–ಲಿಮೋನ್ ರೈಲುಮಾರ್ಗಕ್ಕೂ ಬಾಳೆತೋಟಗಳಿಗೂ ಜಮೈಕಾದಿಂದ ಬಂದ ಕೂಲಿಗಳ ಜೊತೆ ಲಿಮೋನಿಗೆ ಬಂದು ಆಡಿಹೋಗಿದೆ.

ಇಡೀ ಕರಾವಳಿಯನ್ನು ಕಾರಿನಲ್ಲೇ ಮುಗಿಸಬಹುದು: ಸುಮಾರು 210 ಕಿ.ಮೀ. ದಡದಲ್ಲಿ ಕಡಲ ಮಗ್ಗುಲಿನ ರಸ್ತೆ ಲಿಮೋನಿನಿಂದ ದಕ್ಷಿಣಕ್ಕೆ ಮಾನ್ಸನಿಯೊವರೆಗೆ, 70 ಕಿ.ಮೀ. ಆಸುಪಾಸು, ಉತ್ತರದ ತೋರ್ತುಗೆರೊಗೆ ಕಾಲುವೆಯಲ್ಲಿ ದೋಣಿ ಹಿಡಿಯಬೇಕು, ಇಲ್ಲವೇ ಪುಟ್ಟ ವಿಮಾನ.

ಜೀಪು ಇಲ್ಲದೆ ಆಗದು: ಮಾನ್ಸನಿಯೊವರೆಗೂ ಡಾಂಬರು ಇದೆ, ಸಾಧಾರಣ ಕಾರು ಸಾಕು.

ಕ್ರೆಡಿಟ್ ಕಾರ್ಡಿನ ವಿಮೆಯಿದ್ದರೆ ಬೇರೆ ಬೇಡ: ಅನ್ಯರಿಗೆ ಆಗುವ ಹಾನಿಯ ವಿಮೆಯನ್ನು ಅಲ್ಲಿಯ ಕಾನೂನು ಕಡ್ಡಾಯ ಮಾಡಿದೆ, ಕಾರ್ಡು ಅದನ್ನು ತುಂಬಿಕೊಡುವುದಿಲ್ಲ, ಕೌಂಟರಿನಲ್ಲಿ ನಿಂತು ಜಗಳವಾಡಿ ಪ್ರಯೋಜನವಿಲ್ಲ.

ಲಿಮೋನ್ ಎಂದರೆ ಕೊಲೆಗಡುಕರ ಊರು: ಮಾದಕವಸ್ತು ಸಾಗಿಸುವ ಗುಂಪುಗಳ ಹೊಡೆದಾಟ ಆ ಪ್ರಾಂತದಲ್ಲಿ ಇರುವುದು ನಿಜ, ಆದರೆ ಪ್ರವಾಸಿಗರು ಹೆಚ್ಚಾಗಿ ಕಳೆದುಕೊಳ್ಳುವುದು ಕಾರಿನ ಸೀಟಿನ ಮೇಲೆ ಬಿಟ್ಟುಹೋದ ಬ್ಯಾಗನ್ನು.

ಸಸ್ಯಾಹಾರಿಗಳಿಗೆ ಉಪವಾಸವೇ ಗತಿ: ತೆಂಗಿನ ಹಾಲಿನಲ್ಲಿ ಕೆಂಪು ಕಾಳು, ಅಕ್ಕಿ ಸೇರಿಸಿ ಬೇಯಿಸಿ, ಒಂದು ಖಾರದ ಮೆಣಸಿನಕಾಯಿ ಇಡಿಯಾಗಿ ಹಾಕಿದ ಅನ್ನ ಅಲ್ಲಿಯ ದಿನನಿತ್ಯದ ಊಟ, ಕರಾವಳಿಯ ಕನ್ನಡಿಗರಿಗೆ ಅದನ್ನು ಪರಿಚಯಿಸುವ ಅಗತ್ಯವೇ ಬೀಳುವುದಿಲ್ಲ.

ಮರಕ್ಕೆ ಜೋತುಬಿದ್ದ ಸ್ಲಾತ್ ದಿನವಿಡೀ ನಿದ್ದೆ ಹೊಡೆಯುತ್ತದೆ: ಪನಾಮದ ಕಾಡಿನಲ್ಲಿ ಅಳೆದಾಗ ಅದು ಮಲಗುತ್ತಿದ್ದದ್ದು ದಿನಕ್ಕೆ ಹತ್ತು ಗಂಟೆಗೂ ಕಡಿಮೆ, ಭಾನುವಾರದ ನಮ್ಮಲ್ಲಿ ಹಲವರಿಗಿಂತ ವಾಸಿ.

ಈ ಪಟ್ಟಿಯನ್ನು ಇನ್ನೂ ಬೆಳೆಸಬಹುದು. ನನಗೆ ಬೇಸರವಾಗುವುದು ನಂಬಿಕೆಗಳ ಸಂಖ್ಯೆಗಲ್ಲ, ಅವು ಹರಡುವ ರೀತಿಗೆ. 'ಡಿಸೆಂಬರ್-ಏಪ್ರಿಲ್' ಎಂಬ ಮಾತು ಹುಟ್ಟಿದಾಗ ಸುಳ್ಳಾಗಿರಲಿಲ್ಲ. ಪ್ರವಾಸಿಗರಲ್ಲಿ ಹೆಚ್ಚಿನವರು ಹೋಗುವ ಪೆಸಿಫಿಕ್ ಕಡಲತೀರಗಳಿಗಾಗಿ ಯಾರೋ ಸರಿಯಾಗಿಯೇ ಹೇಳಿದ್ದರು. ಒಬ್ಬರಿಂದ ಒಬ್ಬರಿಗೆ ದಾಟುವಾಗ ಅದರ ವಿಳಾಸ ಕಳಚಿ ಬಿತ್ತು. ಒಂದು ದಡದ ಮಾತು ದೇಶಕ್ಕೆಲ್ಲ ಅನ್ವಯವಾಯಿತು. ಈಗ ರೀಲ್ಸ್ ಮಾಡುವವರು ಅದನ್ನು ಸಂಗೀತ ಹಾಕಿ ಹೇಳುತ್ತಾರೆ, ಟಿಕೆಟ್ ಏಜೆಂಟರು ನಕ್ಕು ಹೇಳುತ್ತಾರೆ. ಫೋನಿನಲ್ಲಿ ದೇಶದ ಹೆಸರು ಒತ್ತಿ, ಪರದೆಯ ಮೇಲೆ ಮೂಡಿದ ರಾಜಧಾನಿಯ ಹವಾಮಾನವನ್ನು ಕಡಲತೀರದ್ದೆಂದು ನಂಬಿ, ಮೋಡ-ಮಿಂಚಿನ ಚಿತ್ರ ಕಂಡು ಟಿಕೆಟ್ ರದ್ದು ಮಾಡಿದವರೂ ಇದ್ದಾರೆ. ಮದುವೆಗೆ ಮುಹೂರ್ತ ಇಡಿಸುವಾಗ ಎರಡು ಪಂಚಾಂಗ ತಾಳೆ ಹಾಕುವ ನಾವು, ಲಕ್ಷಗಟ್ಟಲೆ ಖರ್ಚಿನ ಪ್ರವಾಸಕ್ಕೆ ಅಪರಿಚಿತನೊಬ್ಬನ ಅರ್ಧ ನಿಮಿಷದ ಮಾತನ್ನು ಮರುಪ್ರಶ್ನೆಯಿಲ್ಲದೆ ನುಂಗುತ್ತೇವೆ.

ಔಷಧದ ವಿಷಯದಲ್ಲೂ ಇದೇ ನಡೆಯುತ್ತದೆ, ಹೂಡಿಕೆಯ ವಿಷಯದಲ್ಲೂ ಇದೇ. ಯಾರಿಗೆ, ಯಾವ ಸ್ಥಿತಿಯಲ್ಲಿ ಹೇಳಿದ್ದು ಎಂಬುದು ಉದುರಿಹೋಗಿ ಮಾತು ಮಾತ್ರ ಉಳಿಯುತ್ತದೆ. ಅದು ಎಷ್ಟು ಜನರ ಬಾಯಲ್ಲಿ ಬಂತೋ ಅಷ್ಟು ನಿಜ ಎಂದು ಲೆಕ್ಕ. ಸಾವಿರ ಜನ ಒಂದೇ ಮೂಲದಿಂದ ನಕಲು ಮಾಡಿದರೆ ಅದು ಸಾವಿರ ಸಾಕ್ಷಿಯಲ್ಲ, ಒಂದೇ ಸಾಕ್ಷಿ. ಇಷ್ಟು ಸರಳ ಸಂಗತಿಯನ್ನು ಒಪ್ಪಿಸಲು ಒಂದು ದೇಶದ ಹವಾಮಾನವನ್ನೇ ಬಿಡಿಸಿ ಹೇಳಬೇಕಾಯಿತು.

ಆದ್ದರಿಂದ ಮುಂದಿನ ಸಲ ಯಾರಾದರೂ ಕೋಸ್ಟರಿಕಾಕ್ಕೆ ಇಂಥ ತಿಂಗಳೇ ಒಳ್ಳೆಯದು ಎಂದಾಗ, 'ಯಾವ ಕಡಲಿನ ಕಡೆಗೆ?' ಎಂದು ಕೇಳಿ. ತಡವರಿಸಿದರೆ ಮಾತು ಬದಲಿಸಿ. ನಾನು ಹೇಳಿದೆನೆಂದು ಅಕ್ಟೋಬರಿಗೆ ಟಿಕೆಟ್ ಮಾಡುವುದೂ ಬೇಡ. ಲಿಮೋನಿನ ತಿಂಗಳುವಾರು ಮಳೆಯ ಅಂಕಿಗಳು ಯಾರು ಬೇಕಾದರೂ ನೋಡಬಹುದಾದಂಥವು. ನೋಡಿ, ಆಮೇಲೆ ಕಾರು ಕಾದಿರಿಸಿ.